ತಂದೆಯವರ ಸೈನ್ಯದ ಬದುಕು ಬರೆದಿಡಬೇಕು: ಡಿಸ್ಚಾರ್ಜ್ ಬುಕ್, ಪದಕ, ಹಳೆಯ ಫೋಟೊ ಇವೆ, ಎಲ್ಲಿಂದ ಶುರು ಮಾಡಲಿ?

ಬೇಲೆಕೇರಿ_ಬಂದರು:
ತಂದೆಯವರು 4ನೇ ಇಯತ್ತೆಗೆ ಶಾಲೆ ಬಿಟ್ಟವರು. 1962ರಲ್ಲಿ ಬಾಂಬೆ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಸೇರಿ, 1979ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾದರು. ಇಂಗ್ಲಿಷ್ ಓದಲು, ಎಂಜಿನ್ ಬಿಚ್ಚಿ ಕೂಡಿಸಲು ಕಲಿತದ್ದೆಲ್ಲ ಸೈನ್ಯದಲ್ಲೇ. ಆಮೇಲೆ ಅಂಕೋಲಾ ಕಡೆ ಬೋಟ್ ಎಂಜಿನ್, ಪಂಪ್‌ಸೆಟ್ ರಿಪೇರಿ ಮಾಡಿ ಮನೆ ನಡೆಸಿದರು. ಈಗ ಎಂಬತ್ತು ದಾಟಿದೆ, ಕಿವಿ ಮಂದ. ಯುದ್ಧದ ಬಗ್ಗೆ ಕೇಳಿದರೆ ‘ಆಯ್ತಲ್ಲ, ಮುಗೀತು’ ಅಂತಾರೆ, ಅಷ್ಟೇ. ಮೊಮ್ಮಕ್ಕಳು ಓದುವ ಹಾಗೆ 20-30 ಪುಟ ಬರೆದಿಡಬೇಕು. ಇರುವುದು ಡಿಸ್ಚಾರ್ಜ್ ಬುಕ್ (ನಿವೃತ್ತಿಯಾದಾಗ ಕೊಡುವ ಸೇವಾ ವಿವರದ ಪುಸ್ತಕ), ಐದು ಪದಕ, ಫ್ರೇಮಿನ ಗಾಜಿಗೆ ಅಂಟಿಹೋದ ಒಂದು ಗ್ರೂಪ್ ಫೋಟೊ. ಮನೆಯಲ್ಲಿ ಎಲ್ಲರೂ ‘ಬಾಂಗ್ಲಾಕ್ಕೆ ಹೋಗಿದ್ರು’ ಅನ್ನುತ್ತಾರೆ. ಬುಕ್ಕಿನ ಪದಕಗಳ ಪಟ್ಟಿಯಲ್ಲಿ ಮಾತ್ರ ‘ಪಶ್ಚಿಮೀ ಸ್ಟಾರ್’ ಅಂತಿದೆ. ಯಾವುದನ್ನು ನಂಬಲಿ?

ಹಳೇ_ಕಡತ:
ಬುಕ್ಕನ್ನೇ ನಂಬಿ. 1971ರ ಯುದ್ಧಕ್ಕೆ ಪೂರ್ವ ವಲಯದವರಿಗೆ ಪೂರ್ವೀ ಸ್ಟಾರ್, ಪಶ್ಚಿಮ ವಲಯದವರಿಗೆ ಪಶ್ಚಿಮೀ ಸ್ಟಾರ್ ಕೊಟ್ಟರು. ನಿಮ್ಮ ತಂದೆಯವರು ಇದ್ದದ್ದು ಭಾರತದ ಪಶ್ಚಿಮ ಗಡಿಯಲ್ಲಿ, ಪಶ್ಚಿಮ ಪಾಕಿಸ್ತಾನದ ಕಡೆ. ನಮ್ಮ ಕಡೆ ಆ ಯುದ್ಧಕ್ಕೆ ‘ಬಾಂಗ್ಲಾ ಯುದ್ಧ’ ಅನ್ನುವ ಹೆಸರೇ ನಿಂತುಬಿಟ್ಟಿದೆ, ಮನೆಯವರ ಮಾತು ಅಲ್ಲಿಂದ ಬಂದಿರಬೇಕು. ಉಳಿದ ಪದಕಗಳನ್ನೂ ಹೀಗೇ ಓದಿ. ಸಮರ ಸೇವಾ ಸ್ಟಾರ್ ಇದ್ದರೆ 1965ರಲ್ಲಿ ಯುದ್ಧವಲಯದಲ್ಲೇ ಇದ್ದರು. ಬರೀ ರಕ್ಷಾ ಮೆಡಲ್ ಇದ್ದರೆ ಆಗ ಸೇವೆಯಲ್ಲಿದ್ದರು ಎಂದಷ್ಟೇ ಅರ್ಥ. 25ನೇ ಸ್ವಾತಂತ್ರ್ಯ ವಾರ್ಷಿಕೋತ್ಸವದ ಪದಕ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರದ್ದು, ಅದರಿಂದ ಶೌರ್ಯದ ಕಥೆ ಹೆಣೆಯಬೇಡಿ. ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ನಂಬರ್, ರ‍್ಯಾಂಕ್, ಹೆಸರು ಕೆತ್ತಿರುತ್ತಾರೆ. ಬುಕ್ಕಿನ ನಂಬರಿಗೆ ತಾಳೆ ನೋಡಿ.

ನನ್ನ ಮಟ್ಟಿಗೆ ಆ ಬುಕ್ಕಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಪದಕದ ಸಾಲಲ್ಲ, ಶಿಕ್ಷಣ ಮತ್ತು ಟ್ರೇಡ್‌ನ (ಕಸುಬಿನ) ಸಾಲು. ಆರ್ಮಿ ಥರ್ಡ್, ಸೆಕೆಂಡ್, ಫಸ್ಟ್ ಕ್ಲಾಸ್ ಎಂದು ಶಿಕ್ಷಣ ಪ್ರಮಾಣಪತ್ರಗಳಿದ್ದವು, ಜೊತೆಗೆ ನಕ್ಷೆ ಓದುವ ಪರೀಕ್ಷೆ, ಬಡ್ತಿಗೆ ಕೇಡರ್ ತರಬೇತಿ. ಆಗ ಸೈನ್ಯದಲ್ಲಿ ಹಿಂದಿಯನ್ನು ಇಂಗ್ಲಿಷ್ ಅಕ್ಷರದಲ್ಲಿ, ರೋಮನ್ ಹಿಂದಿ ಎಂದು, ಕಲಿಸುತ್ತಿದ್ದರು. 4ನೇ ಇಯತ್ತೆಯ ಹುಡುಗ ಮೊದಲು ಅಕ್ಷರ, ಆಮೇಲೆ ಭಾಷೆ, ಆಮೇಲೆ ಎಂಜಿನ್ನಿನ ಮ್ಯಾನ್ಯುಯಲ್ ಹಿಡಿದ ದಾರಿ ಅದೇ. ಯಾವ ವರ್ಷ ಯಾವ ಪರೀಕ್ಷೆ ಪಾಸಾದರು, ಟ್ರೇಡ್‌ನಲ್ಲಿ ಕ್ಲಾಸ್ 3ರಿಂದ 1ಕ್ಕೆ ಯಾವಾಗ ಬಂದರು ಎಂದು ಇಸವಿ ಹಾಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಪುಸ್ತಕದ ಬೆನ್ನೆಲುಬು ಅದು.

ಬುಕ್ಕಿನಲ್ಲಿ ಇಲ್ಲದ್ದಕ್ಕೆ ಪುಣೆಯ ಖಡ್ಕಿಯಲ್ಲಿರುವ ಬಾಂಬೆ ಎಂಜಿನಿಯರ್ ಗ್ರೂಪ್‌ನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಅರ್ಜಿ ತಂದೆಯವರ ಸಹಿಯಲ್ಲೇ ಹೋಗಲಿ. ಸರ್ವಿಸ್ ನಂಬರ್, ರ‍್ಯಾಂಕ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿ. ‘ಎಲ್ಲಾ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ, ‘1965 ಮತ್ತು 1971ರಲ್ಲಿ ಯಾವ ಕಂಪನಿ, ಯಾವ ರೆಜಿಮೆಂಟ್’ ಎಂದು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ, 30 ದಿನದ ಗಡುವು. ಪಿಂಚಣಿ ಇಲ್ಲದೆ ಬಂದವರ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುತ್ತಾರೆ. ನಿಮ್ಮವರು ಪಿಂಚಣಿದಾರರು, ಹಾಗಾಗಿ ಆಶೆ ಇದೆ.

ಮಲೆನಾಡ್_ಕಪಾಟು:
ಶಿರಸಿ ಕಡೆಯ ಮಳೆಗೂ ನಿಮ್ಮ ಕಡಲ ಉಪ್ಪುಗಾಳಿಗೂ ಕಾಗದದ ಮೇಲೆ ಒಂದೇ ಕರುಣೆ! ದಯವಿಟ್ಟು ಬುಕ್ಕಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಕೂಡ ಬೇಡ, ಅಂಟು ಹಳದಿಯಾಗಿ ಶಾಯಿಯನ್ನು ತಿನ್ನುತ್ತದೆ. ಪುಟಗಳನ್ನು 300 ಡಿಪಿಐಯಲ್ಲಿ, ಫೋಟೊವನ್ನು 600ರಲ್ಲಿ ಸ್ಕ್ಯಾನ್ ಮಾಡಿ, ಬಣ್ಣದಲ್ಲೇ ಮಾಡಿ. ಮಾಸಿದ ಶಾಯಿ ಕಪ್ಪು-ಬಿಳುಪಿನಲ್ಲಿ ಪೂರ್ತಿ ಕಾಣೆಯಾಗುತ್ತದೆ.

ಗಾಜಿಗೆ ಅಂಟಿದ ಫೋಟೊವನ್ನು ಕೀಳಬೇಡಿ. ತೇವಕ್ಕೆ ಜೆಲಾಟಿನ್ ಪದರ ಮೆತ್ತಗಾಗಿ ಗಾಜು ಹಿಡಿದಿರುತ್ತದೆ, ಕಿತ್ತರೆ ಮುಖಗಳು ಗಾಜಿನಲ್ಲೇ ಉಳಿಯುತ್ತವೆ. ಫ್ರೇಮ್ ಮಾತ್ರ ಬಿಚ್ಚಿ, ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಹಿಂಬದಿಯ ಬರಹವನ್ನೂ ಸ್ಕ್ಯಾನ್ ಮಾಡಿ.

ಪದಕಕ್ಕೆ ಬ್ರಾಸೊ ಪಾಲಿಶ್, ಹುಣಸೆಹಣ್ಣು ಎರಡೂ ಬೇಡ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ಹೆಸರು ಸವೆಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಲೋಹಕ್ಕೆ ಹಸಿರು ಜಿಗಟು ಹಿಡಿಯುತ್ತದೆ. ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂನಷ್ಟು ಜೊತೆ ಇಡಿ. ಜೆಲ್ ಬಣ್ಣ ಬದಲಾಯಿಸಿದರೆ ಓವನ್‌ನಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಿ. ಹಸಿ ಬೇವಿನ ಸೊಪ್ಪು ಹಾಕಿದರೆ ನೀವೇ ತೇವ ಒಳಗಿಟ್ಟಂತೆ.

ಬೇಲೆಕೇರಿ_ಬಂದರು:
ಇಬ್ಬರಿಗೂ ತುಂಬಾ ಉಪಕಾರ. ಬುಕ್ಕಿನಲ್ಲಿ ಮೂರೂ ಪರೀಕ್ಷೆ ಇವೆ, ಫಿಟ್ಟರ್ ಕ್ಲಾಸ್ 1 ಅಂತಿದೆ. ಆದರೆ ಅವರ ಬಾಯಿಂದ ಕೇಳುವುದು ಹೇಗೆ?

ಕಾಳೀ_ಸೇತುವೆ:
‘ಯುದ್ಧ ಹೇಗಿತ್ತು’ ಅಂತ ಕೇಳಬೇಡಿ ಮಾರಾಯ್ರೆ, ಕೆಲಸ ಕೇಳಿ. ಸ್ಯಾಪರ್‌ಗೆ ಬೈಲಿ ಬ್ರಿಜ್ (ಉಕ್ಕಿನ ಪ್ಯಾನೆಲ್ ಜೋಡಿಸಿ ಕಟ್ಟುವ ಸೇತುವೆ) ಕೈಯಲ್ಲೇ ಕೂತಿರುತ್ತದೆ. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೊ, ಆರು ಜನ ಎತ್ತಬೇಕು. ‘ನೀವು ಪ್ಯಾನೆಲ್ ಹೊರುವವರೋ, ಪಿನ್ ಹೊಡೆಯುವವರೋ? ಟ್ರಾನ್ಸಮ್ (ಅಡ್ಡತೊಲೆ) ಯಾವಾಗ ಸೇರಿಸುತ್ತಿದ್ದಿರಿ? ರೋಲರ್ ಮೇಲೆ ನೋಸ್ (ಸೇತುವೆಯ ಮುಂದಿನ ತುದಿ) ತಳ್ಳುವಾಗ ಎದುರು ದಡದಲ್ಲಿ ಯಾರಿದ್ದರು?’ ಎಂದು ಕೇಳಿ. ಬೆಂಕಿಕಡ್ಡಿ ಕೊಟ್ಟು ಸೇತುವೆ ಜೋಡಿಸಿ ತೋರಿಸಿ ಎನ್ನಿ. ನೆಲದಲ್ಲಿ ಹೂತ ಮೈನ್ (ನೆಲಬಾಂಬ್) ಹುಡುಕಲು ಪ್ರಾಡರ್ (ಚುಚ್ಚುವ ಸಲಾಕೆ) ಅನ್ನು ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಯಾಕೆ ಚುಚ್ಚಬೇಕು ಅಂತ ಕೇಳಿ. ನೇರ ಚುಚ್ಚಿದರೆ ಮೈನ್‌ನ ತಲೆ ಮೇಲೇ ಒತ್ತಡ ಬೀಳುತ್ತದೆ ಎಂದು ಅವರೇ ವಿವರಿಸುತ್ತಾರೆ. ಅಲ್ಲಿಂದ ಊರು, ಹೊಳೆ, ಜೊತೆಗಾರರ ಹೆಸರು ತಾನಾಗಿ ಬರುತ್ತವೆ. ಬಾರದಿದ್ದರೆ ಅಲ್ಲಿಗೇ ಬಿಡಿ; ಒತ್ತಾಯ ಮಾಡಿದರೆ ಆ ರಾತ್ರಿ ನಿದ್ದೆ ಕೆಡುವುದು ಅವರದ್ದು.

ಕಿವಿ ಚೆನ್ನಾಗಿರುವ ಕಡೆ ಕೂತು, ದನಿ ಎತ್ತರಿಸದೆ ನಿಧಾನ ಮಾತಾಡಿ. ಫೋನನ್ನು ಮಡಚಿದ ಟವೆಲ್ ಮೇಲಿಡಿ, ಫ್ಯಾನ್ ಆರಿಸಿ, ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಆಷಾಢದಲ್ಲಿ ತಗಡಿನ ಶೀಟಿನ ಕೆಳಗೆ ರೆಕಾರ್ಡ್ ಮಾಡಿದರೆ ಬರೀ ಮಳೆಯೇ ಕೇಳುತ್ತದೆ.

ಬರೆಯುವ ರೀತಿಗೆ ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆಯವರ ಪರಮವೀರ ಚಕ್ರದ ಉಲ್ಲೇಖಪತ್ರ ಓದಿ, ಅವರೂ ಬಾಂಬೆ ಸ್ಯಾಪರ್ಸ್. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ–ರಜೌರಿ ದಾರಿಯಲ್ಲಿ ಮೈನ್ ತೆಗೆದದ್ದು, ಮರದ ತಡೆ ಒಡೆದದ್ದು ದಿನವಾರು ಇದೆ. ವಿಶೇಷಣ ಕಡಿಮೆ, ಕೆಲಸ ಜಾಸ್ತಿ. ಬೋಟ್ ಎಂಜಿನ್ನಿನ ವರ್ಷಗಳನ್ನೂ ಹಾಗೇ ಬರೆಯಿರಿ: ಯಾವ ಎಂಜಿನ್, ಯಾವ ಸ್ಪ್ಯಾನರ್, ಎಷ್ಟು ಮಜೂರಿ.

ಹಳೇ_ಕಡತ:
ಬುಕ್ ತೆರೆದಾಗಲೇ ತಾಯಿಯವರ ಹೆಸರು ನೋಡಿಬಿಡಿ. ಕರಾವಳಿಯಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತು. ಬುಕ್ಕಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮುಂದೆ ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ತಂದೆಯವರು ಇರುವಾಗಲೇ ಅಫಿಡವಿಟ್ ಮಾಡಿಸಿ, ಅವರ ಸಹಿಯಲ್ಲಿ ರೆಕಾರ್ಡ್ ಆಫೀಸಿಗೆ ಕಳಿಸಿ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಯಲ್ಲಿ ಬದಲಾವಣೆ ನಮೂದಿಸುವ ಆದೇಶ) ಮಾಡಿಸಿಕೊಳ್ಳಿ. ಹುಟ್ಟಿದ ದಿನಾಂಕವೂ ತಾಳೆಯಾಗಲಿ: 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20, 85ಕ್ಕೆ ಶೇ 30 ಹೆಚ್ಚು ಸಿಗಬೇಕು. ಸ್ಪರ್ಶ್‌ನ (ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಪಿಂಚಣಿ ಸ್ಲಿಪ್‌ನಲ್ಲಿ ಅದು ಸೇರಿದೆಯೇ ನೋಡಿ.