ನನ್ನ ತಮ್ಮ ಕ್ಲಾಸಿಗೆ ಹೋಗುತ್ತಿಲ್ಲ, ಮಾತೂ ಆಡುತ್ತಿಲ್ಲ. ಏನು ಮಾಡಲಿ?

ಪಾವಗಡ ಕಡೆಯ ಅಕ್ಕ ಕೇಳಿದ್ದು

ನನ್ನ ತಮ್ಮ ತುಮಕೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಪಿಜಿಯಲ್ಲಿದ್ದಾನೆ. ಹಬ್ಬಕ್ಕೆ ಬಂದವನು ರೂಮಿನಿಂದ ಆಚೆಗೇ ಬರಲಿಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮಲಗಿರುತ್ತಾನೆ. ಕ್ಲಾಸಿಗೆ ಹೋಗದೆ ತಿಂಗಳಾಯಿತಂತೆ, ಮೂರು ಸಬ್ಜೆಕ್ಟ್ ಬಾಕಿ ಇವೆಯಂತೆ. ಇದೂ ಅವನ ಗೆಳೆಯನಿಂದ ಗೊತ್ತಾಗಿದ್ದು. ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತಾನೆ ಅಂತ ಅಪ್ಪ. ಅಮ್ಮ ದೃಷ್ಟಿ ತೆಗೆದಿದ್ದಾರೆ. ಇದು ಸೋಮಾರಿತನವಾ, ಬೇರೆ ಏನಾದರೂ ಇದೆಯಾ? ಕಂಡವರು, ಅನುಭವಿಸಿದವರು ದಯವಿಟ್ಟು ಹೇಳಿ.

ತುಮಕೂರಿನ ಡಿಗ್ರಿ ಕಾಲೇಜಿನ ಮೇಷ್ಟರು

ನೋಡಮ್ಮ, ಸೋಮಾರಿ ಹುಡುಗ ಕ್ಲಾಸು ತಪ್ಪಿಸುತ್ತಾನೆ, ಕ್ರಿಕೆಟ್ ತಪ್ಪಿಸುವುದಿಲ್ಲ. ಇಷ್ಟದ್ದೂ ಬೇಡವಾಯಿತು ಅಂದರೆ ಅದು ಬೇರೆಯೇ. ಬೇಜಾರು ಎಲ್ಲರಿಗೂ ಆಗುತ್ತದೆ, ನಾಲ್ಕು ದಿನಕ್ಕೆ ಹೋಗುತ್ತದೆ. ಎರಡು ವಾರವಾದರೂ ಮಂಕು ಕಳೆಯದಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ, ಡಾಕ್ಟರಿಗೆ ತೋರಿಸಲೇಬೇಕು.

ಸಿರಾ, ಮಧುಗಿರಿ, ನಿಮ್ಮ ಪಾವಗಡದಿಂದ ಬರುವ ಎಷ್ಟೋ ಮಕ್ಕಳು ಊರಿಗೇ ಫಸ್ಟ್ ಬಂದವರು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಲ್ಲಿ ಮೊದಲ ಸೆಮಿಸ್ಟರಿನಲ್ಲಿ ಪಾಠವೇ ತಲೆಗೆ ಹತ್ತುವುದಿಲ್ಲ. ಕೇಳಲು ನಾಚಿಕೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಬರಲಿಲ್ಲ ಅಂತ ಕ್ಲಾಸು ಬಿಡುತ್ತಾರೆ, ಕ್ಲಾಸು ಬಿಟ್ಟರೆ ಅಟೆಂಡೆನ್ಸ್ ಶಾರ್ಟೇಜ್. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ ಅನ್ನುವುದು ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ಗೊತ್ತಾಗುವ ಹೊತ್ತಿಗೆ ಬಹಳ ದಿನ ಕಳೆದಿರುತ್ತದೆ.

ನಮ್ಮಲ್ಲಿ ಒಬ್ಬ ಹುಡುಗ ಯಾವಾಗಲೂ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ. ಬರುಬರುತ್ತಾ ಬಾಗಿಲ ಪಕ್ಕದ ಕೊನೇ ಬೆಂಚಿಗೆ ಹೋದ. ದಿನಾ ಅದೇ ಶರ್ಟು. ರೆಕಾರ್ಡ್ ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವನು ಚಿತ್ರಗಳನ್ನು ಅರ್ಧಕ್ಕೇ ಬಿಡತೊಡಗಿದ. ಸ್ಟಾಫ್ ರೂಮಿನಲ್ಲಿ ಹತ್ತು ಜನರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅದಕ್ಕೇ ಸಂಜೆ ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಹೇಳಿದೆ. ಇಡ್ಲಿಯನ್ನು ಚೂರು ಚೂರು ಮಾಡುತ್ತಾ ಕೂತ, ಬಾಯಿಗೆ ಹಾಕಲಿಲ್ಲ. ಓದಿನ ಮಾತು ಎತ್ತಲಿಲ್ಲ ನಾನು. "ರಾತ್ರಿ ನಿದ್ದೆ ಬರ್ತಿದೆಯೇನೋ?" ಅಂದೆ. ತುಂಬಾ ಹೊತ್ತಾದ ಮೇಲೆ "ನಾನಿದ್ದು ಏನು ಉಪಯೋಗ ಸಾರ್" ಅಂದ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಎದೆ ಹಗುರಾಗುತ್ತದೆ. ಅವನು ಹೌದು ಅಂದ. ಆ ರಾತ್ರಿ ಅವನನ್ನು ಒಬ್ಬನೇ ಬಿಡಲಿಲ್ಲ. ಬೆಳಿಗ್ಗೆ ಅವನ ಸೋದರಮಾವ ಬಂದರು, ಮೂವರೂ ಜಿಲ್ಲಾ ಆಸ್ಪತ್ರೆಗೆ ಹೋದೆವು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ.

ಗುಬ್ಬಿಯ ಒಬ್ಬ ತಾಯಿ

ನನ್ನ ಮಗಳಿಗೂ ಹೀಗೇ ಆಗಿತ್ತಮ್ಮ. ಮಾತ್ರೆ ಶುರು ಮಾಡಿದ ಕೂಡಲೇ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆ ದಿನಗಳಲ್ಲಿ ತಾಳ್ಮೆ ಬೇಕು. ಹುಷಾರಾದರು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು. ನಿಮ್ಮಮ್ಮನನ್ನು ಬೈಯಬೇಡಿ. ದೇವಸ್ಥಾನಕ್ಕೂ ಹೋಗಲಿ, ಆಸ್ಪತ್ರೆಗೂ ಹೋಗಲಿ. ನಾಳೆ ನೆಂಟರಿಗೆ ಗೊತ್ತಾದರೆ ಅನ್ನುವ ಭಯ ನಮಗೂ ಇತ್ತು. ರೋಗಿಯ ವಿಷಯ ಆಸ್ಪತ್ರೆಯವರು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಹಾಸ್ಟೆಲಿನಲ್ಲಿ ಓದಿ ಮುಗಿಸಿದವನು

ಅಕ್ಕ, ಮೊಬೈಲ್ ಮಾತ್ರ ಕಿತ್ತುಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಮಾತಾಡುವ ಒಬ್ಬನೇ ಗೆಳೆಯ ಅದರಲ್ಲಿರುತ್ತಾನೆ. "ಪಕ್ಕದ ಮನೆಯವನನ್ನು ನೋಡು" ಅನ್ನುವ ಮಾತೂ ಬೇಡ.

ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು

14416, ಇದು ಟೆಲಿ ಮಾನಸ್ ನಂಬರ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಮ್ಮನೇ ಮಾಡಬೇಕೆಂದಿಲ್ಲ, ಹೇಗೆ ಮಾತು ಶುರು ಮಾಡಲಿ ಅಂತ ನೀವೂ ಕೇಳಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಅಂತ ವಿಚಾರಿಸಿಕೊಂಡು ಹೋಗಿ.

ಕಾಲೇಜಿನಲ್ಲೂ ಕೇಳಿ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳುವ ಹಕ್ಕು ಪೋಷಕರಿಗಿದೆ.

ಒಂದು ಮುಖ್ಯ ಮಾತು. ಸಾಯುವ ಮಾತಾಡಿದರೆ, ಇಷ್ಟದ ವಸ್ತುಗಳನ್ನು ಹಂಚಲು ಶುರು ಮಾಡಿದರೆ ಮಂಗಳವಾರಕ್ಕೆ ಕಾಯಬೇಡಿ. ಜೊತೆಗೇ ಇರಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಇವತ್ತೇ ಬೀಗ ಹಾಕಿಡಿ.

ಪಾವಗಡ ಕಡೆಯ ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ಔಷಧಿ ತೆಗೆದು ಬೀಗ ಹಾಕಿದೆ. ನಾಳೆ ತುಮಕೂರಿಗೆ ಹೊರಟಿದ್ದೇನೆ. ಆಸ್ಪತ್ರೆಗೆ ಬರಲ್ಲ, ನನಗೇನು ಹುಚ್ಚಾ ಅಂದರೆ ಏನು ಹೇಳಲಿ ಸಾರ್?

ತುಮಕೂರಿನ ಮೇಷ್ಟರು

ವಾದ ಮಾಡಬೇಡಮ್ಮ. ಮೊದಲು ಊಟ ಮಾಡಿಸು. ನಿದ್ದೆ ಬರದಿರುವುದು ಅವನಿಗೂ ಗೊತ್ತಿರುತ್ತದೆ, ಅದನ್ನೇ ಹಿಡಿದು "ನಿದ್ದೆಗೊಂದು ದಾರಿ ಕೇಳೋಣ ಬಾ" ಅನ್ನು. "ಡಾಕ್ಟರ ಹತ್ತಿರ ನೀನೇ ಮಾತಾಡು, ನಾನು ಹೊರಗೆ ಕೂತಿರ್ತೀನಿ" ಅಂತಲೂ ಹೇಳು. ಅಕ್ಕನ ಮುಂದೆ ಹೇಳಲಾಗದ್ದು ಇರುತ್ತದಲ್ವಾ. ಬಾಕಿ ಇರುವ ಮೂರು ಸಬ್ಜೆಕ್ಟ್ ಆಮೇಲೂ ಬರೆಯಬಹುದು. ಆ ಮಾತನ್ನು ಅಪ್ಪನ ಬಾಯಿಂದಲೇ ಹೇಳಿಸಲು ಸಾಧ್ಯವಾದರೆ ಇವತ್ತೇ ಹೇಳಿಸು.