ಸಹಾಯ ಬೇಕು: ಸೇವೆ ಮತ್ತು ಲೆಕ್ಕಾಚಾರ, ಎರಡೂ ಇರುವ ನಾಯಕತ್ವವನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೆಲಸದ ಜೊತೆಗೆ ಎಂಬಿಎ ಮಾಡುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮಧುರೈನ ಅರವಿಂದ ಕಣ್ಣಾಸ್ಪತ್ರೆಯನ್ನು ಆರಿಸಿಕೊಂಡಿದ್ದೇನೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಬರೀ 11 ಹಾಸಿಗೆ ಇಟ್ಟುಕೊಂಡು ಶುರು ಮಾಡಿದ್ದು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಆಪರೇಷನ್ ಮಾಡುತ್ತಿದ್ದರು! ಇದು ಸೇವೆಯ ಮುಖ, ಸರಿ. ಆದರೆ ದುಡ್ಡು ಕೊಡುವ ರೋಗಿಗಳಿಂದ ಬಂದದ್ದರಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ಕೊಟ್ಟರು. ಆಪರೇಷನ್‌ನಲ್ಲಿ ಕಣ್ಣೊಳಗೆ ಕೂರಿಸುವ ಹೊರದೇಶದ ಲೆನ್ಸ್ ದುಬಾರಿ ಅಂತ 1992ರಲ್ಲಿ ಅದನ್ನು ತಯಾರಿಸುವ ತಮ್ಮದೇ ಘಟಕ ಆರೋಲ್ಯಾಬ್ ತೆರೆದರು. ಇದೆಲ್ಲ ಪಕ್ಕಾ ಲೆಕ್ಕಾಚಾರ ಅಲ್ವಾ? ನಮ್ಮ ಗೈಡ್ ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡು ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದೇ ಇಲ್ಲ. ಇದನ್ನು ಅವರಿಗೆ ಹೇಗೆ ಒಪ್ಪಿಸಲಿ?

ಇನ್ನೊಂದು ತೊಡಕು. ಹೋಲಿಕೆಗೆ ನಮ್ಮೂರಿನ ಒಂದು ಸಣ್ಣ ಆಸ್ಪತ್ರೆಯ ನರ್ಸ್‌ಗಳನ್ನು ಕನ್ನಡದಲ್ಲೇ ಮಾತಾಡಿಸಬೇಕು. ಕೈಕೆಳಗಿನವರ ಸೇವೆ ಮಾಡುತ್ತಲೇ ಅವರನ್ನು ಹೊಸ ಗುರಿಯತ್ತ ಕರೆದೊಯ್ಯುವ ನಾಯಕತ್ವಕ್ಕೆ ಪುಸ್ತಕದ ಹೆಸರಾದ ‘ಪರಿವರ್ತನಾತ್ಮಕ ಸೇವಕ ನಾಯಕತ್ವ’ ಅಂದರೆ ನಗುತ್ತಾರೆ. (ನನಗೂ ನಗು ಬರುತ್ತದೆ.) ‘ನಿಮ್ಮ ಮೇಲಿನವರು ನಿಮ್ಮ ಮಾತು ಕೇಳ್ತಾರಾ?’, ‘ಮುಂದಿನ ವರ್ಷ ಆಸ್ಪತ್ರೆ ಏನು ಮಾಡಬೇಕು ಅಂತಿದೆ, ನಿಮಗೆ ಗೊತ್ತಾ?’ ಅಂತ ಕೇಳಿದರೆ ಸಾಕಾ?

ಇಂಥ ಸರ್ವೆ ಮಾಡಿದವರಿದ್ದರೆ ದಯವಿಟ್ಟು ನಿಮ್ಮ ಪ್ರಶ್ನೆಪಟ್ಟಿ ಕಳಿಸಿ. ತಿಂಗಳ ಕೊನೆಗೆ ವರದಿ ಕೊಡಬೇಕು.