ಎಕ್ಸ್‌ರೇ ತೆಗೆದದ್ದು ನಾನು. ಲೇಖನದಲ್ಲಿ ಹೆಸರು ಕೇಳಬಹುದಾ?

ಸೀಸದಕ್ಷರ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು 11 ವರ್ಷದಿಂದ ಎಕ್ಸ್‌ರೇ, ಸಿಟಿ ಟೆಕ್ನಿಷಿಯನ್. ಒಂದು ವಿಷಯ ಮೂರು ತಿಂಗಳಿಂದ ಮನಸ್ಸನ್ನು ಕೊರೆಯುತ್ತಿದೆ. ತಿಳಿದವರು ಹೇಳಿ.

ಹೋದ ಮಳೆಗಾಲದಲ್ಲಿ ನನಗೆ ನೈಟ್ ಡ್ಯೂಟಿ ಇತ್ತು. ರಾತ್ರಿ ಎರಡರ ಹೊತ್ತಿಗೆ ಒಬ್ಬ ಹುಡುಗನನ್ನು ಕರೆತಂದರು. ಎಡಗಡೆ ಕಿಬ್ಬೊಟ್ಟೆಯಲ್ಲಿ ಜೋರು ನೋವು, ಎರಡು ಸಲ ವಾಂತಿ. ಎದೆಯ ಎಕ್ಸ್‌ರೇ ಬರೆದಿದ್ದರು.

ನಮ್ಮದು ಈಗ ಡಿಜಿಟಲ್ ಮಿಷನ್. ಬಲ, ಎಡ ಅನ್ನುವ ಅಕ್ಷರವನ್ನು ಆಮೇಲೆ ಕಂಪ್ಯೂಟರಲ್ಲೇ ಹಾಕಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ನಾನು ಕಲಿತಾಗಿನ ಅಭ್ಯಾಸ ಬಿಟ್ಟಿಲ್ಲ. ಸೀಸದ 'ಆರ್' ಅಕ್ಷರಕ್ಕೆ ಪ್ಲಾಸ್ಟರ್ ಹಚ್ಚಿ, ಬಲ ಭುಜದ ಪಕ್ಕ ಅಂಟಿಸಿಯೇ ಎಕ್ಸ್‌ಪೋಷರ್ ಕೊಡುತ್ತೇನೆ.

ಇಮೇಜ್ ಬಂತು. ಹೃದಯದ ತುದಿ 'ಆರ್' ಇದ್ದ ಕಡೆಗೇ ತಿರುಗಿತ್ತು. ಎಡ ಡಯಾಫ್ರಮ್ (ಎದೆ, ಹೊಟ್ಟೆ ನಡುವಿನ ಪರದೆ) ಕೆಳಗೆ ಕಾಣಬೇಕಾದ ಜಠರದ ಗಾಳಿಗುಳ್ಳೆ ಬಲಗಡೆ ಇತ್ತು. ಜೊತೆಗಿದ್ದ ಹೊಸ ಹುಡುಗ "ಅಕ್ಕಾ, ಉಲ್ಟಾ ಬಂದಿದೆ, ಫ್ಲಿಪ್ ಮಾಡಿಬಿಡಿ" ಅಂದ. ಮೌಸ್ ಆ ಬಟನ್ ಮೇಲೇ ಇತ್ತು. ಆದರೆ ಅಕ್ಷರ ನನ್ನ ಕೈಯಾರೆ ಅಂಟಿಸಿದ್ದು. ಸಂಶಯವೇ ಇರಲಿಲ್ಲ. ಒಳಗೆ ಹೋಗಿ ಪೇಷಂಟಿನ ಬಲ ಎದೆಯ ಮೇಲೆ ಕೈಯಿಟ್ಟು ನೋಡಿದೆ. ಬಡಿತ ಅಲ್ಲೇ ಸಿಕ್ಕಿತು.

ಫ್ಲಿಪ್ ಮಾಡಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಸರ್, ಇವನಿಗೆ ಒಳಗೆಲ್ಲ ಅದಲುಬದಲು ಇರುವ ಹಾಗಿದೆ. ನೋವು ಎಡಗಡೆ ಇದ್ದರೂ ಅಪೆಂಡಿಕ್ಸ್ ಇರಬಹುದಾ ನೋಡಿ" ಅಂದೆ. ಬೆಳಿಗ್ಗೆ ಸಿಟಿ ತೆಗೆದದ್ದೂ ನಾನೇ. ಲಿವರ್ ಎಡಕ್ಕೆ, ಸ್ಪ್ಲೀನ್ ಬಲಕ್ಕೆ, ಎಡ ಕಿಬ್ಬೊಟ್ಟೆಯಲ್ಲಿ ಊದಿಕೊಂಡ ಅಪೆಂಡಿಕ್ಸ್. ಸೈಟಸ್ ಇನ್ವರ್ಸಸ್ ಟೋಟಾಲಿಸ್, ಅಂದರೆ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಆಪರೇಷನ್ ಆಯಿತು, ಹುಡುಗ ನಾಲ್ಕನೇ ದಿನ ನಡೆದುಕೊಂಡು ಮನೆಗೆ ಹೋದ.

ಈಗ ಆ ಕೇಸ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಐದು ಜನ ಡಾಕ್ಟರುಗಳ ಹೆಸರಿದೆ. ಮೊದಲನೇ ಚಿತ್ರ ನನ್ನ ಎಕ್ಸ್‌ರೇ. ಮೂಲೆಯಲ್ಲಿ ನನ್ನ 'ಆರ್' ಇದೆ, ಪ್ಲಾಸ್ಟರ್ ಸ್ವಲ್ಪ ಜಾರಿ ವಾಲಿಕೊಂಡಿರುವುದು. ಕೆಳಗೆ "ಎಕ್ಸ್‌ರೇಯಲ್ಲಿ ಹೃದಯ ಬಲಗಡೆ ಇರುವುದು ಕಂಡುಬಂತು" ಅಂತ ಬರೆದಿದ್ದಾರೆ. ಯಾರಿಗೆ ಕಂಡುಬಂತು? ಲೇಖಕರ ಪಟ್ಟಿಯಲ್ಲಿ ಬೇಡ, ಕೊನೆಯಲ್ಲಿ ವಂದನೆ ಹೇಳುವ ಜಾಗದಲ್ಲೂ ನನ್ನ ಹೆಸರಿಲ್ಲ.

ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ, ಅದಕ್ಕೆ ಸಂಬಳ ಇದೆ. ಹಾಗಂತ ಹೆಸರು ಕೇಳಿದರೆ ತಪ್ಪಾ?

ನಿವೃತ್ತ ರೇಡಿಯಾಲಜಿಸ್ಟ್, ಮೈಸೂರು:

ಕೇಳುವುದು ತಪ್ಪಲ್ಲಮ್ಮ. ನಿಯಮ ಏನಿದೆ ಅಂತ ಮೊದಲು ಹೇಳುತ್ತೇನೆ.

ವೈದ್ಯಕೀಯ ಪತ್ರಿಕೆಗಳ ಸಂಪಾದಕರದ್ದೊಂದು ಅಂತರರಾಷ್ಟ್ರೀಯ ಸಮಿತಿ ಇದೆ, ಐಸಿಎಂಜೆಇ ಅಂತ. 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೆಲವು ಸಂಪಾದಕರು ಸೇರಿದ್ದರಿಂದ ಶುರುವಾದದ್ದು. ಅವರ ಪ್ರಕಾರ ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು. ಕೆಲಸದಲ್ಲಿ ಗಣನೀಯ ಪಾಲು ಇರಬೇಕು. ಬರೆದಿರಬೇಕು, ಇಲ್ಲವೇ ಬರೆದದ್ದನ್ನು ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಉತ್ತರ ಕೊಡಲು ಸಿದ್ಧವಿರಬೇಕು. ಈ ಕೊನೆಯದು 2013ರಲ್ಲಿ ಸೇರಿದ್ದು. ನಾಲ್ಕೂ ಇರಬೇಕು, ಮೂರು ಸಾಲದು.

ಬರೀ ಎಕ್ಸ್‌ರೇ ತೆಗೆದಿದ್ದರೆ ಲೇಖಕಿ ಆಗುವುದಿಲ್ಲ. ಆದರೆ ನೀನು ತೆಗೆದಷ್ಟೇ ಅಲ್ಲ, ಓದಿದ್ದೀಯ. ಫ್ಲಿಪ್ ಮಾಡದೆ ಇದ್ದದ್ದು, ಎದೆ ಮುಟ್ಟಿ ನೋಡಿದ್ದು, ಅಪೆಂಡಿಕ್ಸ್ ಅಂದದ್ದು, ಇದೆಲ್ಲ ರೋಗನಿರ್ಣಯದ ಭಾಗ. ನನ್ನ ಲೆಕ್ಕದಲ್ಲಿ ಮೊದಲನೇ ಷರತ್ತು ಮುಗಿಯಿತು. ಅಂಥವರಿಗೆ ಉಳಿದದ್ದರಲ್ಲೂ ಸೇರಲು ಅವಕಾಶ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಅವರು ನಿನ್ನನ್ನು ಕರೆಯಲೇ ಇಲ್ಲ, ಅಲ್ವಾ? ತಪ್ಪಾಗಿರುವುದು ಅಲ್ಲಿ.

ನಮ್ಮ ವಿಷಯದಲ್ಲಿ ಈ ಹೆಸರಿನ ಕಥೆ ಹಳೆಯದು. ಅಂಗಗಳು ಅದಲುಬದಲು ಇದ್ದು, ಜೊತೆಗೆ ಸೈನಸ್ ತೊಂದರೆ, ಶ್ವಾಸನಾಳ ಹಿಗ್ಗಿರುವುದು, ಮೂರೂ ಸೇರಿದರೆ ಕಾರ್ಟಜೆನರ್ ಸಿಂಡ್ರೋಮ್ ಅನ್ನುತ್ತೇವೆ. ಕಾರ್ಟಜೆನರ್ ಬರೆದದ್ದು 1933ರಲ್ಲಿ. ಅದಕ್ಕೂ ಮುಂಚೆ, 1904ರಲ್ಲೇ ಕೀವ್‌ನ ಸೀವರ್ಟ್ ಅನ್ನುವವರು ಅಂಥ ಒಂದು ಕೇಸ್ ಬರೆದಿದ್ದರು. ನಾನು ಪಾಠ ಮಾಡುವಾಗ ಎರಡೂ ಹೆಸರು ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಹುಡುಗರು ಒಂದನ್ನೇ ಬರೆಯುತ್ತಿದ್ದರು.

ಅಂದ ಹಾಗೆ, ಆ ಹುಡುಗನಿಗೆ ಚಿಕ್ಕಂದಿನಿಂದ ಕೆಮ್ಮು, ಮೂಗು ಕಟ್ಟುವುದು ಇದೆಯಾ ಅಂತ ಯಾರಾದರೂ ಕೇಳಿದ್ದಾರಾ? ಕೇಳಿಸಮ್ಮ. ಇದು ಹೆಸರಿಗಿಂತ ಮುಖ್ಯ.

ಲೀಡ್ಸ್ ಕನ್ನಡತಿ:

ನಾನು ಇಂಗ್ಲೆಂಡಿನಲ್ಲಿ ರೇಡಿಯೋಗ್ರಾಫರ್, ನಿಮ್ಮ ಹಾಗೇ ಎಕ್ಸ್‌ರೇ ತೆಗೆಯುವವಳು. ನಿಮ್ಮ ಸೀಸದ ಅಕ್ಷರದ ಬಗ್ಗೆ ಓದಿ ತುಂಬಾ ಖುಷಿಯಾಯಿತು ಅಕ್ಕಾ. ಇಲ್ಲಿ ನಾವು ಬಹಳ ಜನ ನಮ್ಮದೇ ಮಾರ್ಕರ್ ಮಾಡಿಸಿಕೊಳ್ಳುತ್ತೇವೆ. 'ಆರ್' ಅಥವಾ 'ಎಲ್' ಪಕ್ಕದಲ್ಲಿ ನಮ್ಮ ಹೆಸರಿನ ಮೊದಲ ಅಕ್ಷರಗಳೂ ಸೀಸದಲ್ಲೇ ಇರುತ್ತವೆ. ಎಕ್ಸ್‌ಪೋಷರ್ ಕೊಟ್ಟಾಗ ಅವೂ ಮೂಳೆಗಳ ಜೊತೆ ಇಮೇಜಿನಲ್ಲಿ ಮೂಡುತ್ತವೆ. ಯಾರು ತೆಗೆದರು ಅಂತ ಕೇಳುವ ಅಗತ್ಯವೇ ಬರುವುದಿಲ್ಲ. ಬಲ ಎಡ ತಪ್ಪಾದರೂ ನಾವೇ ಹೊಣೆ.

ಇನ್ನೊಂದು. ಫಿಲ್ಮ್ ಇದ್ದ ಕಾಲದಲ್ಲಿ ಇಲ್ಲಿ 'ರೆಡ್ ಡಾಟ್' ಅಂತ ಪದ್ಧತಿ ಬಂತು. ರೇಡಿಯೋಗ್ರಾಫರಿಗೆ ಏನಾದರೂ ಅಸಹಜ ಕಂಡರೆ ಫಿಲ್ಮಿನ ಮೇಲೆ ಕೆಂಪು ಚುಕ್ಕಿ ಅಂಟಿಸುವುದು. ಈಗ ಹೆಚ್ಚಿನ ತರಬೇತಿ ಪಡೆದವರು ರಿಪೋರ್ಟನ್ನೇ ಬರೆದು ಸಹಿ ಹಾಕುತ್ತಾರೆ. ಆ ರಾತ್ರಿ ನೀವು ಫೋನಿನಲ್ಲಿ ಹೇಳಿದ ಮಾತು ನಮ್ಮ ಕೆಂಪು ಚುಕ್ಕಿಯೇ. ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೀರಾ?

ಧಾರವಾಡದ ಕನ್ನಡ ಮಾಸ್ತರ:

ತಂಗಿ, ನಾನು ವೈದ್ಯ ಅಲ್ಲ. ಹಳೆಯ ಕಾವ್ಯಗಳಲ್ಲಿ ಯಾರನ್ನು ಕರ್ತೃ ಅನ್ನಬೇಕು ಅನ್ನುವುದೇ ನಾನು ಇಷ್ಟು ವರ್ಷ ಓದಿದ ವಿಷಯ. ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಕವಿರಾಜಮಾರ್ಗ ಒಂಬತ್ತನೇ ಶತಮಾನದ್ದು. ಅದನ್ನು ರಾಷ್ಟ್ರಕೂಟರ ದೊರೆ ನೃಪತುಂಗನೇ ಬರೆದ ಅಂತ ಬಹಳ ದಿನ ಹೇಳುತ್ತಿದ್ದರು. ಆದರೆ ಪುಸ್ತಕದೊಳಗೇ 'ನೃಪತುಂಗದೇವಾನುಮತ' ಅಂತ ಇದೆ. ಅನುಮತ ಅಂದರೆ ದೊರೆ ಒಪ್ಪಿದ್ದು. ಬರೆದವನು ಅವನ ಆಸ್ಥಾನದ ಶ್ರೀವಿಜಯ ಅಂತ ಈಗ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಒಪ್ಪಿದವನು ಬೇರೆ, ಬರೆದವನು ಬೇರೆ. ಇಬ್ಬರಿಗೂ ಜಾಗ ಇದೆ, ಆದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬಾರದು. ಮೈಸೂರಿನ ಡಾಕ್ಟರು ಹೇಳಿದ ಮೂರನೇ ಷರತ್ತು ಓದಿದಾಗ ನನಗೆ ಈ 'ಅನುಮತ' ನೆನಪಾಯಿತು.

ಲೀಡ್ಸಿನ ತಂಗಿ ಹೇಳಿದ ಮಾರ್ಕರ್ ನಮ್ಮ ವಚನಗಳ ಅಂಕಿತದ ಹಾಗೇ ಇದೆ. ಬಸವಣ್ಣನದ್ದು ಕೂಡಲಸಂಗಮದೇವ, ಅಕ್ಕನದ್ದು ಚೆನ್ನಮಲ್ಲಿಕಾರ್ಜುನ. ಹೆಚ್ಚಿನವರು ದೇವರ ಹೆಸರು ಇಟ್ಟರು. ದೋಣಿ ನಡೆಸುತ್ತಿದ್ದ ಚೌಡಯ್ಯ ಹಾಗೆ ಮಾಡಲಿಲ್ಲ. 'ಅಂಬಿಗ ಚೌಡಯ್ಯ' ಅಂತ ತನ್ನ ಹೆಸರನ್ನೇ ಇಟ್ಟ, ಕಸುಬಿನ ಸಮೇತ. ಕಸುಬು ಮಾಡುವವರು ತಮ್ಮ ಮಾತಿಗೆ ತಮ್ಮ ಹೆಸರು ಹಾಕುವುದು ನಮ್ಮಲ್ಲಿ ಹೊಸದಲ್ಲ ತಂಗಿ. ಸಂಕೋಚ ಬೇಡ.

ಸೀಸದಕ್ಷರ, ದಾವಣಗೆರೆ:

ಮೂವರಿಗೂ ಕೈ ಮುಗಿಯುತ್ತೇನೆ. ಫೋನ್ ಮಾಡಿದ್ದನ್ನು ರಿಜಿಸ್ಟರಿನಲ್ಲಿ ಬರೆದಿದ್ದೇನೆ, ಹೊತ್ತಿನ ಸಮೇತ: 2.40. ಡಾಕ್ಟರ್ ಸರ್, ಕೇಳುವಾಗ ಆ ನಿಯಮ ಪ್ರಿಂಟ್ ತೆಗೆದುಕೊಂಡು ಹೋಗಲಾ?

ನಿವೃತ್ತ ರೇಡಿಯಾಲಜಿಸ್ಟ್, ಮೈಸೂರು:

ಬೇಡಮ್ಮ. ಕಾಗದ ಹಿಡಿದು ಹೋದರೆ ದೂರು ಕೊಡಲು ಬಂದಳು ಅಂದುಕೊಳ್ಳುತ್ತಾರೆ. ಬರೆದವರಲ್ಲಿ ಕಿರಿಯ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್) ಯಾರೋ ಅವರ ಹತ್ತಿರ ಹೋಗು. ಆ ರಾತ್ರಿ ನಡೆದದ್ದನ್ನು ಇಲ್ಲಿ ಬರೆದ ಹಾಗೇ ಹೇಳು. ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ. ನಾನೂ ಪಿಜಿ ಆಗಿದ್ದಾಗ ನಾಲ್ಕು ಕೇಸ್ ಬರೆದೆ. ಫಿಲ್ಮ್ ತೆಗೆದವರು ಯಾರು ಅಂತ ಒಂದು ಸಲವೂ ವಿಚಾರಿಸಲಿಲ್ಲ. ಈಗ ಅದಕ್ಕೆ ಬೇಸರವಿದೆ. ಅಚ್ಚಾದ ಮೇಲೆ ಲೇಖಕರ ಪಟ್ಟಿಗೆ ಸೇರಿಸುವುದು ಕಷ್ಟ. ವಂದನೆಯಲ್ಲಿ ಹೆಸರು ಸೇರಿಸಿ ಅಂತ ಅವರು ಸಂಪಾದಕರಿಗೆ ಬರೆದು ಕೇಳಬಹುದು.

ಸೀಸದಕ್ಷರ, ದಾವಣಗೆರೆ:

ಇವತ್ತು ಮಾತಾಡಿದೆ. ಪಿಜಿ ಮೇಡಂಗೆ ನಿಜವಾಗಿಯೂ ಗೊತ್ತಿರಲಿಲ್ಲ. ರಿಜಿಸ್ಟರ್ ತರಿಸಿ 2.40ರ ಸಾಲನ್ನು ಎರಡು ಸಲ ಓದಿದರು. ಸಂಪಾದಕರಿಗೆ ಬರೆಯುತ್ತೇನೆ ಅಂದರು, ನನ್ನ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಕೇಳಿ ಬರೆದುಕೊಂಡರು. ಹುಡುಗನ ಕೆಮ್ಮಿನ ವಿಷಯವನ್ನೂ ಹೇಳಿದೆ. ಅವನ ತಾಯಿಗೆ ನನ್ನ ಎದುರೇ ಫೋನ್ ಮಾಡಿದರು. ಹುಟ್ಟಿದಾಗಿನಿಂದ ಮೂಗು ಸೋರುತ್ತದೆಯಂತೆ. ಸೋಮವಾರ ಬರಲು ಹೇಳಿದ್ದಾರೆ, ಸೈನಸ್ ಮತ್ತು ಎದೆಯ ಸಿಟಿಗೆ. ಆ ದಿನ ನನ್ನದೇ ಡ್ಯೂಟಿ.